ಮಸ್ಕತ್ತಿನಿಂದ ಅಮ್ಮನಿಗೆ ಏನು ತಂದೆ

ಗಲ್ಫಿನಿಂದ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಏನಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಟ್ಯಾಂಗ್, ನಿಡೋ ಹಾಲಿನ ಪುಡಿ, ಏಕ್ಸ್ ಆಯಿಲ್, ಬಾದಾಮಿ, ಒಂದೆರಡು ಸೆಂಟ್ ಬಾಟ್ಲಿ. ಮಸ್ಕತ್ತಿಗೆ ಬಂದ ಮೊದಲ ಆರು ವರ್ಷ ನಾನೂ ಅದನ್ನೇ ಹೊತ್ತೆ. ಏಳನೇ ವರ್ಷ ಪುತ್ತೂರಿನ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಅಮ್ಮ ಟ್ಯಾಂಗ್ ಡಬ್ಬ ತಿರುಗಿಸಿ ನೋಡಿದರು. "ಅಲ್ಲ ಮಾರಾಯ್ತಿ, ಇದು ನಮ್ಮ ಪೇಟೆಯಲ್ಲೇ ಸಿಗ್ತದೆ. ಆ ಊರಿದ್ದು ಅಂತ ಎಂತದೂ ಇಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾವು ಇರುವುದು ಮಸ್ಕತ್ತಿನ ರುವಿಯಲ್ಲಿ. ಮತ್ರಾ ಸೂಕ್, ಅಂದರೆ ಮತ್ರಾದ ಹಳೆಯ ಪೇಟೆ, ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಊರಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗಿ, ಬಂದರಿನ ಎದುರು ನಿಲ್ಲಿಸಿ, ಫೋಟೋ ತೆಗೆದು ವಾಪಸ್ ಬರುತ್ತಿದ್ದೆ, ಅಷ್ಟೇ.

ಮುಂದಿನ ಸಲ ರಜೆಗೆ ಎರಡು ತಿಂಗಳಿರುವಾಗಲೇ ಸೂಕಿಗೆ ಹೊರಟೆ. ಮಧ್ಯಾಹ್ನ ಎರಡು ಗಂಟೆಗೆ ಹೋದದ್ದು ಮೊದಲ ತಪ್ಪು. ಎಲ್ಲ ಬಾಗಿಲು ಹಾಕಿತ್ತು. ಬೆಕ್ಕುಗಳು ಮಾತ್ರ ಮಲಗಿದ್ದವು. ಇಲ್ಲಿ ಸೂಕ್ ಬೆಳಗ್ಗೆ ತೆರೆದು ಒಂದು ಗಂಟೆ ಹೊತ್ತಿಗೆ ಮುಚ್ಚುತ್ತದೆ, ಮತ್ತೆ ಸಂಜೆ ತೆರೆಯುತ್ತದೆ. ಶುಕ್ರವಾರ ಬೆಳಗ್ಗೆ ಇಲ್ಲವೇ ಇಲ್ಲ. ಇಷ್ಟು ವರ್ಷ ಇದ್ದೂ ಇದು ತಲೆಗೆ ಹೋಗಿರಲಿಲ್ಲ.

ಮರುದಿನ ಸಂಜೆ ಹೋದೆ. ಈ ಸೂಕಿಗೆ ಹಳೆಯ ಹೆಸರೊಂದಿದೆ, ಸೂಕ್ ಅಲ್ ದಲಾಮ್. ಕತ್ತಲ ಸಂತೆ ಅಂತ ಅರ್ಥ. ಗಲ್ಲಿಗಳು ಎಷ್ಟು ಇಕ್ಕಟ್ಟು ಅಂದರೆ ಹಗಲಲ್ಲೂ ಬಿಸಿಲು ಒಳಗೆ ಬರುತ್ತಿರಲಿಲ್ಲವಂತೆ. ಈಗ ಮರದ ಚಾವಣಿ, ದೀಪ ಎಲ್ಲ ಇದೆ. ಅಂಗಡಿಯವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ, ಅಂದರೆ ಗುಜರಾತಿ, ಮಲಯಾಳಿ, ಬಂಗಾಳಿ. ಅರೇಬಿಕ್ ಬರದಿದ್ದರೂ ಹಿಂದಿಯಲ್ಲಿ ವ್ಯಾಪಾರ ಮುಗಿಯುತ್ತದೆ. ಒಂದು ಗಂಟೆಯಲ್ಲಿ ಹಿತ್ತಾಳೆ ಕೂರಿಸಿದ ಮರದ ಪೆಟ್ಟಿಗೆ, ಎರಡು ಶಾಲು, ಬಣ್ಣದ ಗಾಜಿನ ದೀಪ ತಗೊಂಡೆ. ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸಿದ್ದಕ್ಕೆ ಖುಷಿಯೋ ಖುಷಿ.

ಮನೆಗೆ ಬಂದು ಪೆಟ್ಟಿಗೆ ಮಗುಚಿದರೆ ತಳದಲ್ಲಿ ಸಣ್ಣ ಚೀಟಿ. ಮೇಡ್ ಇನ್ ಇಂಡಿಯಾ. ಶಾಲಿನ ಅಂಚಲ್ಲೂ ಅದೇ. ನಮ್ಮ ಯಜಮಾನರು ಎರಡು ದಿನ ನಕ್ಕರು. "ಪಾಪ, ಆ ಪೆಟ್ಟಿಗೆ ಊರಿಂದ ಇಲ್ಲಿಗೆ ಬಂದು ಈಗ ವಾಪಸ್ ಊರಿಗೆ ಹೋಗ್ತಾ ಉಂಟು. ಅದಕ್ಕೂ ವರ್ಷಕ್ಕೊಂದು ರಜೆ ಬೇಡವಾ?" ಅಂತ. ಅಂಗಡಿಯವನು ಸುಳ್ಳೇನೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಒಮಾನಿ ಗೆಳತಿಗೆ ಈ ಕಥೆ ಹೇಳಿದೆ. ಅವಳು ಒಂದೇ ಮಾತು ಕಲಿಸಿದಳು. ಮೊದಲು "ಮಿನ್ ವೇನ್?" ಅಂತ ಕೇಳು, ಇದು ಎಲ್ಲಿಂದ ಅಂತ. "ಕಮ್?" ಅಂದರೆ ಎಷ್ಟು ಅನ್ನುವುದು ಆಮೇಲೆ. ಆಶ್ಚರ್ಯ ಅಂದರೆ, ನೇರವಾಗಿ ಕೇಳಿದರೆ ಹೆಚ್ಚಿನ ಅಂಗಡಿಯವರು ನಿಜವನ್ನೇ ಹೇಳುತ್ತಾರೆ. ಕಛ್ಛದ ಕಡೆಯ ಅಜ್ಜ ಒಬ್ಬರಂತೂ ಅಂಗಡಿಯ ಮೂರು ಗೋಡೆಗಳನ್ನು ತೋರಿಸಿ, "ಇದು ಚೀನಾ, ಇದು ಇಂಡಿಯಾ, ಈ ಸಣ್ಣ ಮೂಲೆ ಒಮಾನ್, ಬೆಹೆನ್" ಅಂದರು. ಅಲ್ಲಿಂದ ನಾನು ಮೂಲೆಗಳನ್ನೇ ನೋಡತೊಡಗಿದೆ.

ಮೂಲೆಯಲ್ಲಿ ಮೊದಲು ಸಿಕ್ಕಿದ್ದು ಲುಬಾನ್. ನಾವು ಲೋಬಾನ ಅನ್ನುತ್ತೇವಲ್ಲ, ಆ ಹೆಸರು ಬಂದದ್ದು ಇದರಿಂದ. ಆದರೆ ವಸ್ತು ಬೇರೆ. ನವಿಲುಗರಿ ಹಿಡಿದ ಫಕೀರರು ಅಂಗಡಿ ಅಂಗಡಿಗೆ ಹೊಗೆ ಹಾಕುತ್ತಿದ್ದದ್ದು, ನಮ್ಮ ಮನೆಯ ಸಾಂಬ್ರಾಣಿ, ಇವೆಲ್ಲ ಹೆಚ್ಚಾಗಿ ಸುಮಾತ್ರಾ ಕಡೆಯ ಮರದ ಅಂಟು. ಅರಬರು ಅದನ್ನು ಲುಬಾನ್ ಜಾವಿ, ಅಂದರೆ ಜಾವಾದ ಲುಬಾನ್ ಅಂತ ಕರೆದರು. ಇವರ ಸ್ವಂತ ಲುಬಾನ್ ಸಿಗುವುದು ಮಸ್ಕತ್ತಿನಿಂದ ಸಾವಿರ ಕಿಲೋಮೀಟರ್ ದೂರದ ದೋಫಾರ್‌ನಲ್ಲಿ. ಬೋಸ್ವೆಲಿಯಾ ಸಾಕ್ರಾ ಅನ್ನುವ ಗಿಡ್ಡ ಮರ. ತೊಗಟೆಯನ್ನು ಸಣ್ಣ ಉಳಿಯಂಥ ಕತ್ತಿಯಿಂದ ಕೆರೆಯುತ್ತಾರೆ. ಹಾಲಿನಂಥ ಅಂಟು ಹನಿ ಹನಿಯಾಗಿ ಒಸರಿ ಗಟ್ಟಿಯಾಗುತ್ತದೆ. ನಮ್ಮ ಕಡೆಯ ರಬ್ಬರ್ ಟ್ಯಾಪಿಂಗ್ ಕಂಡವರಿಗೆ ತಕ್ಷಣ ಅರ್ಥವಾದೀತು. ಮೊದಲ ಕೆರೆತದ ಅಂಟಿಗೆ ಬೆಲೆಯಿಲ್ಲ. ಎರಡು ವಾರ ಬಿಟ್ಟು ಮತ್ತೆ ಮತ್ತೆ ಕೆರೆದಾಗ ಬರುವುದು ಒಳ್ಳೆಯ ಮಾಲು. ಈ ಲುಬಾನಿನ ನಾಡಿಗೆ 2000ದಲ್ಲಿ ಯುನೆಸ್ಕೋ ವಿಶ್ವಪರಂಪರೆ ತಾಣದ ಮನ್ನಣೆ ಸಿಕ್ಕಿದೆ.

ಸೂಕಿನಲ್ಲಿ ಗೋಣಿಚೀಲ ಬಾಯಿ ತೆರೆದು ಸಾಲಾಗಿ ಇಟ್ಟಿರುತ್ತಾರೆ. ಹೋಜರಿ, ನಜ್ದಿ, ಶಜ್ರಿ, ಶಾಬಿ ಅಂತ ದರ್ಜೆಗಳು. ಬೆಟ್ಟದ ಆಚೆಗಿನ ಒಣ ಭೂಮಿಯದ್ದು ಹೋಜರಿ, ಅದೇ ಮೇಲು. ಸಮುದ್ರದ ಕಡೆಯ ಶಾಬಿ ಅಗ್ಗ. ಆದರೆ ಹೆಸರು ಕೇಳಿ ಕೊಳ್ಳಬೇಡಿ, ಎಲ್ಲರೂ ತಮ್ಮದು ಹೋಜರಿ ಅಂತಲೇ ಹೇಳುತ್ತಾರೆ. ನಾನು ಮಾಡುವುದು ಇಷ್ಟು. ಒಂದು ಹರಳು ತೆಗೆದು ಬೆಳಕಿಗೆ ಹಿಡಿಯುತ್ತೇನೆ. ಬಿಳಿಯಲ್ಲಿ ತುಸು ಹಸಿರು ಛಾಯೆ ಇದ್ದು, ಬೆಳಕು ಒಳಗೆ ಹಾಯ್ದರೆ ಒಳ್ಳೆಯದು. ಕಂದು ಬಣ್ಣ, ತೊಗಟೆ ಚೂರು, ತಳದಲ್ಲಿ ಪುಡಿ ಇದ್ದರೆ ಮುಂದಿನ ಅಂಗಡಿ. ಆಮೇಲೆ ಸುಡಿಸಿ ನೋಡುತ್ತೇನೆ. ಯಾರೂ ಬೇಡ ಅನ್ನುವುದಿಲ್ಲ. ಒಳ್ಳೆಯದಕ್ಕೆ ನಿಂಬೆ ಸಿಪ್ಪೆಯಂಥ ವಾಸನೆ. ಕಳಪೆಯದ್ದು ಗಂಟಲು ಹಿಡಿಯುತ್ತದೆ. ಒಂದೇ ಅಂಗಡಿಯಲ್ಲಿ 1 ರಿಯಾಲಿನ ಪೊಟ್ಟಣವೂ ಇರುತ್ತದೆ, ಅದರ ಹತ್ತು ಪಟ್ಟಿನದ್ದೂ ಇರುತ್ತದೆ. ಒಂದು ರಿಯಾಲ್ ಅಂದರೆ 200 ರೂಪಾಯಿಗೂ ಮೇಲೆ, ಮರೆಯಬೇಡಿ. ಮೊದಮೊದಲು ನನಗೆ "ಬರೀ ಎರಡು" ಅಂತ ಅನಿಸಿಬಿಡುತ್ತಿತ್ತು!

ಇದನ್ನು ಸುಡುವ ಮಣ್ಣಿನ ಧೂಪದಾನಿಗೆ ಮಜ್ಮರ್ ಅನ್ನುತ್ತಾರೆ. ದೋಫಾರ್‌ನ ಹೆಂಗಸರು ಕೈಯಲ್ಲಿ ಮಾಡುವುದು ಚೌಕ ಆಕಾರ, ನಾಲ್ಕು ಮೂಲೆಗೆ ಕೊಂಬಿನಂಥ ತುದಿ, ಮೇಲೆ ಕೆಂಪು ನೀಲಿ ಬಣ್ಣ. ಅಚ್ಚಿನಲ್ಲಿ ಹೊಯ್ದದ್ದೂ ಪಕ್ಕದಲ್ಲೇ ಇರುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಕೈಯದ್ದು ಗೊತ್ತಾಗುತ್ತದೆ, ಯಾವ ಎರಡು ಕೊಂಬೂ ಒಂದೇ ಎತ್ತರ ಇರುವುದಿಲ್ಲ. ಸೊಟ್ಟ ಇದ್ದದ್ದನ್ನೇ ತಗೊಂಡೆ.

ಇನ್ನು ಟೊಪ್ಪಿ. ಒಮಾನಿ ಗಂಡಸರು ಹಾಕುವ ಕಸೂತಿಯ ಟೊಪ್ಪಿಗೆ ಕುಮ್ಮಾ ಅಂತ ಹೆಸರು. ಯಂತ್ರದ್ದು 2–3 ರಿಯಾಲಿಗೆ ಸಿಗುತ್ತದೆ. ಕೈಯಲ್ಲಿ ಹೊಲಿದದ್ದು ಬೇರೆಯೇ ಲೋಕ. ಬಟ್ಟೆ ತುಂಬ ಸೂಜಿಮೊನೆಯಷ್ಟು ತೂತು, ಪ್ರತಿ ತೂತಿನ ಸುತ್ತ ದಾರದ ಹೊಲಿಗೆ. ಗಾಳಿ ಆಡಲಿಕ್ಕೆ ಇದು. ಒಂದು ಟೊಪ್ಪಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೆಂಗಸರು ಮನೆಯಲ್ಲಿ ಕೂತು ಹೊಲಿಯುತ್ತಾರೆ. ಬೆಲೆ ಕೇಳಿ ನಾನು ಚೌಕಾಸಿಗೆ ಬಾಯಿ ತೆರೆದೆ, ಗೆಳತಿ ನನ್ನ ಕೈ ಒತ್ತಿದಳು. ಇದಕ್ಕೆ ಚೌಕಾಸಿ ಮಾಡಬಾರದಂತೆ. ಸರಿ ಅನ್ನಿಸಿತು. ನಮ್ಮ ಊರಲ್ಲಿ ಚಾಪೆ ಹೆಣೆಯುವ ಅಜ್ಜಿಯರ ಹತ್ತಿರ ಹತ್ತು ರೂಪಾಯಿಗೆ ಜಗಳ ಮಾಡಿದ್ದು ನೆನಪಾಗಿ ನಾಚಿಕೆಯೂ ಆಯಿತು. ಟೊಪ್ಪಿಗೆ ಅಳತೆ ಬೇಕು. ಅಪ್ಪನ ತಲೆಗೆ ದಾರ ಸುತ್ತಿ ಅಳೆದು ವಾಟ್ಸಾಪ್ ಮಾಡು ಅಂತ ತಮ್ಮನಿಗೆ ಹೇಳಿದೆ. ಅವನು ದಾರದ ಫೋಟೋ ಕಳಿಸಿದ!

ಕುಮ್ಮಾದ ಮೇಲೆ ಸುತ್ತುವ ರುಮಾಲು ಮುಸರ್. "ಮಿನ್ ವೇನ್?" ಅಂತ ಜೋರಾಗಿ ಕೇಳಿದೆ. "ಕಾಶ್ಮೀರ್" ಅಂದ ಅಂಗಡಿಯವನು, ಹೆಮ್ಮೆಯಿಂದ. ನನಗೆ ಕಕ್ಕಾಬಿಕ್ಕಿ. ಗೆಳತಿ ಹೇಳಿದಳು, ಒಳ್ಳೆಯ ಮುಸರ್ ಕಾಶ್ಮೀರದ ಉಣ್ಣೆಯದ್ದೇ, ಅವಳ ಅಜ್ಜ ಕಟ್ಟುತ್ತಿದ್ದದ್ದೂ ಅದನ್ನೇ ಅಂತೆ. ಅಂದರೆ ನನ್ನ ಹೊಸ ನಿಯಮ ಇಲ್ಲಿ ಮಗುಚಿ ಬಿತ್ತು. ನಾನು ಮೊದಲು ತಂದ ಶಾಲೂ ಭಾರತದ್ದು, ಇದೂ ಭಾರತದ್ದು. ಅದು ಪ್ರವಾಸಿಗರಿಗೆ ಅಂತ ಬಂದದ್ದು, ಇದನ್ನು ಇವರು ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ಈಗ ನಾನು ಎರಡನೇ ಪ್ರಶ್ನೆಯೊಂದನ್ನೂ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಇದನ್ನು ಬಳಸುತ್ತೀರಾ ಅಂತ.

ಒಮಾನಿಗೂ ನಮಗೂ ಕೊಡುಕೊಳ್ಳುವುದು ಹೊಸತೇನಲ್ಲ ಬಿಡಿ. 1970ರವರೆಗೂ ಇಲ್ಲಿ ರೂಪಾಯಿ ಚಲಾವಣೆಯಲ್ಲಿತ್ತು. ಈಗಲೂ ರಿಯಾಲಿನ ಸಾವಿರದ ಒಂದು ಭಾಗಕ್ಕೆ ಬೈಸಾ ಅನ್ನುತ್ತಾರೆ. ನಮ್ಮ ಪೈಸೆಯೇ ಅದು.

ಬೆಳ್ಳಿಗೆ ನಿಜ್ವಾಕ್ಕೆ ಹೋಗು ಅಂದರು ಎಲ್ಲರೂ. ಮಸ್ಕತ್ತಿನಿಂದ ಸುಮಾರು 160 ಕಿಲೋಮೀಟರ್. ಶುಕ್ರವಾರ ಬೆಳಗಿನ ಜಾವಕ್ಕೆ ಹೊರಟೆವು, ಯಾಕೆಂದರೆ ಅವತ್ತು ಅಲ್ಲಿ ಆಡಿನ ಸಂತೆ. ಮಾರುವವರು ಆಡುಗಳನ್ನು ಹಿಡಿದು ಗುಂಡಗೆ ಸುತ್ತು ಬರುತ್ತಾರೆ, ಕೊಳ್ಳುವವರು ಒಳಗೂ ಹೊರಗೂ ನಿಂತು ಹಲ್ಲು, ಬೆನ್ನು ಮುಟ್ಟಿ ನೋಡುತ್ತಾರೆ. ನಾನು ಮಧ್ಯದಲ್ಲಿ ನಿಂತು ಎರಡು ಸಲ ಹಾಯಿಸಿಕೊಂಡೆ. ಒಂಬತ್ತು ಗಂಟೆ ಹೊತ್ತಿಗೆ ಎಲ್ಲ ಖಾಲಿ.

ಕೋಟೆಯ ಬುಡದಲ್ಲೇ ಬೆಳ್ಳಿ ಅಂಗಡಿಗಳು. ಹಳೆಯ ಒಡವೆ ದಪ್ಪ, ಭಾರ. ಹಿರ್ಜ್ ಅನ್ನುವ ತಾಯಿತದ ಪೆಟ್ಟಿಗೆ, ಕಾಲಿನ ಕಡಗ. ಒಂದು ಅಂಗಡಿಯಲ್ಲಿ ಸರಕ್ಕೆ ಕಟ್ಟಿದ ದೊಡ್ಡ ಬೆಳ್ಳಿ ನಾಣ್ಯ ತೋರಿಸಿ, "1780ರದ್ದು, ಇನ್ನೂರು ವರ್ಷದ ಮೇಲಾಯಿತು" ಅಂದರು. ನಾಣ್ಯದ ಮೇಲೂ 1780 ಅಂತಲೇ ಇದೆ. ಅದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ನಾಣ್ಯ. ಅವಳು ತೀರಿಕೊಂಡದ್ದು 1780ರಲ್ಲಿ. ಆಮೇಲೂ ವ್ಯಾಪಾರಕ್ಕಾಗಿ ಅದೇ ಇಸವಿ ಹಾಕಿ ಟಂಕಿಸುತ್ತಲೇ ಬಂದರು. ಹಾಗಾಗಿ ಮೊನ್ನೆ ಮೊನ್ನೆಯದ್ದೂ 1780ರದ್ದೇ! ಆದರೆ ಬೆಳ್ಳಿ ಅಂತೂ ನಿಜ, ಇಲ್ಲಿನ ಅಕ್ಕಸಾಲಿಗರು ಇದನ್ನೇ ಕರಗಿಸಿ ಒಡವೆ ಮಾಡುತ್ತಿದ್ದರು. ತೂಕ ಹಾಕಿಸಿ, ಅವತ್ತಿನ ಬೆಳ್ಳಿ ದರಕ್ಕೆ ಲೆಕ್ಕ ಮಾಡಿಸಿ, ಮಜೂರಿ ಎಷ್ಟು ಅಂತ ಬೇರೆ ಹೇಳಿಸಿದೆ. ಇಲ್ಲಿ ಚೌಕಾಸಿ ಮಾಡುವುದು ಮಜೂರಿ ಮೇಲೆ, "ಹಳೆಯದು" ಅನ್ನುವ ಮಾತಿನ ಮೇಲೆ. ನಾದಿನಿಗೆ ಒಂದು ಸಣ್ಣ ಹಿರ್ಜ್ ತಗೊಂಡೆ.

ಭಾವನಿಗೆ ಖಂಜರ್ ಬೇಕಿತ್ತು. ಒಮಾನಿನ ಬಾವುಟದಲ್ಲೂ ಇರುವ ಬಾಗಿದ ಚೂರಿ ಅದು. ಅದನ್ನು ಮಾಡುವ ಕಸುಬನ್ನು ಯುನೆಸ್ಕೋ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೆಳ್ಳಿ ತಂತಿ ಕೆಲಸದ ನಿಜವಾದ ಖಂಜರ್‌ಗೆ ನೂರಾರು ರಿಯಾಲ್. ಅಗ್ಗದ್ದು ತಗಡು. "ಭಾವ, ತಗಡು ಬೇಡ, ಬೆಳ್ಳಿ ಆಗಲಿಕ್ಕಿಲ್ಲ" ಅಂತ ಫೋನ್ ಮಾಡಿ ಹೇಳಿದೆ, ಖರ್ಜೂರ ತಂದುಕೊಟ್ಟೆ. ಖಲಾಸ್ ಅನ್ನುವ ಜಾತಿಯದ್ದು. ಅವರು ಇನ್ನೂ ಸ್ವಲ್ಪ ಮುನಿಸಿನಲ್ಲಿದ್ದಾರೆ. ಯಾರಾದರೂ ಖಂಜರ್ ತರುವುದಾದರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ.

ಹಲ್ವಾ ಎಲ್ಲರೂ ತರುತ್ತಾರೆ, ಜಾಸ್ತಿ ಹೇಳುವುದಿಲ್ಲ. ತಾಮ್ರದ ಕೊಪ್ಪರಿಗೆಯಲ್ಲಿ ಎರಡು ಗಂಟೆಗೂ ಮೇಲೆ ತಿರುವಿ ಮಾಡಿದ್ದು, ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತದೆ. ಪನ್ನೀರು ಮಾತ್ರ ಜಬಲ್ ಅಖ್ದರ್ ಬೆಟ್ಟದ್ದೇ ಹುಡುಕಿ. ಹಳೆಯ ಪದ್ಧತಿಯಲ್ಲಿ ಮಣ್ಣಿನ ಒಲೆ ಮೇಲೆ ಭಟ್ಟಿ ಇಳಿಸಿದ್ದಕ್ಕೆ ತುಸು ಕಂದು ಬಣ್ಣ, ಹೊಗೆ ವಾಸನೆ ಇರುತ್ತದೆ. ಹಾಳಾಗಿದೆ ಅಂತ ನಾನು ಮೊದಲ ಬಾಟ್ಲಿಯನ್ನು ಚೆಲ್ಲಿದ್ದೆ. ಯಾರಿಗೂ ಹೇಳಬೇಡಿ.

ಊರಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅಪ್ಪ ಕುಮ್ಮಾ ತಲೆಗಿಟ್ಟು ಕನ್ನಡಿ ನೋಡಿ, "ನಮ್ಮ ಹಾಳೆಟೊಪ್ಪಿಗೆ ಕಸೂತಿ ಹಾಕಿದ ಹಾಗೆ ಉಂಟು" ಅಂದರು. ತೋಟಕ್ಕೆ ಹಾಕಿಕೊಂಡು ಹೋಗಲು ಹೊರಟವರನ್ನು ತಡೆಯಬೇಕಾಯಿತು. ಅಮ್ಮ ಗೆರಟೆ ಕೆಂಡ ಮಾಡಿ ಮಜ್ಮರಿಗೆ ಹಾಕಿ, ಅದರ ಮೇಲೆ ನಾಲ್ಕು ಹರಳು ಲುಬಾನ್ ಇಟ್ಟರು. ಅಂಗಡಿಯವರು ಕೊಟ್ಟ ಇದ್ದಿಲಿನ ಬಿಲ್ಲೆ ಅವರಿಗೆ ಹಿಡಿಸಲಿಲ್ಲ, ಮದ್ದಿನ ವಾಸನೆಯಂತೆ. ಹೊಗೆ ದೇವರ ಕೋಣೆಯಿಂದ ಚಾವಡಿಗೆ ಬಂತು. ಪಕ್ಕದ ಮನೆಯವರು ಬಂದು ಇದೆಂತ ಪರಿಮಳ ಅಂತ ಕೇಳಿದರು. ಅಮ್ಮ ಹಾರ್ಲಿಕ್ಸ್ ಬಾಟ್ಲಿಗೆ ತುಂಬಿಸಿಟ್ಟ ಲುಬಾನನ್ನು ಚಮಚದಲ್ಲಿ ಅಳೆದು ಹಂಚಿದರು.

ಮೊನ್ನೆ ಫೋನಿನಲ್ಲಿ ಹೇಳಿದರು. "ಆ ಧೂಪ ಮುಗೀಲಿಕ್ಕೆ ಬಂತು. ಈ ಸಲ ಒಂದು ಕಿಲೋ ತಾ. ಹಾಗೇ ಎರಡು ಏಕ್ಸ್ ಆಯಿಲೂ ಇರಲಿ, ಇಲ್ಲಿ ಸಿಗುವುದು ಅಷ್ಟು ಖಾರ ಇಲ್ಲ."