ಸಂಪ್ ಮೋಟರಿನ ನಡುಕದಿಂದ ಬ್ಲೂಟೂತ್ ಬೀಕನ್ ನಡೆಸುವುದು

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್‌ಪಿ ಮೋಟರಿನ ನಡುಕದಿಂದ ಹತ್ತಾರು ಮೈಕ್ರೋವ್ಯಾಟ್ ವಿದ್ಯುತ್ ತೆಗೆಯಬಹುದು. ಫೋನ್ ಚಾರ್ಜ್ ಮಾಡುವ ಆಸೆ ಬೇಡ. ಅರ್ಧ ನಿಮಿಷಕ್ಕೊಮ್ಮೆ ‘ಮೋಟರ್ ಓಡುತ್ತಿದೆ’ ಎಂದು ಪುಟ್ಟ ರೇಡಿಯೊ ಸಂದೇಶ ಕಳಿಸಿ ತಿಳಿಸುವ ಬ್ಲೂಟೂತ್ ಬೀಕನ್‌ಗೆ ಇಷ್ಟು ಸಾಕು. ಸೆಲ್ ಬದಲಿಸಬೇಕಿಲ್ಲ, ಒದ್ದೆ ಜಾಗದಲ್ಲಿ 230 ವೋಲ್ಟ್ ತಂತಿ ಬಿಚ್ಚಬೇಕಿಲ್ಲ.

ಉಪಾಯ ಇಷ್ಟೇ: ಒಂದು ತುದಿ ಬಿಗಿದ ಸ್ಟೀಲ್ ಪಟ್ಟಿ ಮೋಟರಿನ ನಡುಕಕ್ಕೆ ಬಾಗಿ ಆಡುತ್ತದೆ, ಅದಕ್ಕೆ ಅಂಟಿಸಿದ ಪೀಜೋ ಡಿಸ್ಕ್ (ಬಾಗಿದಾಗ ವಿದ್ಯುತ್ ಕೊಡುವ ಸೆರಾಮಿಕ್ ಬಿಲ್ಲೆ) ಆ ಬಾಗುವಿಕೆಯನ್ನು ವಿದ್ಯುತ್ ಮಾಡುತ್ತದೆ. ಮೊದಲು ಪಟ್ಟಿ ನಡುಕದ ಯಾವ ಫ್ರೀಕ್ವೆನ್ಸಿ ಹಿಡಿಯಬೇಕೆಂದು ತೀರ್ಮಾನಿಸಿ. ಇಂಥ ಸಿಂಗಲ್ ಫೇಸ್ ಮೋಟರ್ ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ, ಅಂದರೆ 48 ಹರ್ಟ್ಸ್. ಜತೆಗೆ ಕರೆಂಟಿನ 50 ಹರ್ಟ್ಸ್‌ನ ಎರಡರಷ್ಟು, 100 ಹರ್ಟ್ಸ್ ನಡುಕವೂ ಇರುತ್ತದೆ. ನೂರನ್ನೇ ಹಿಡಿಯಿರಿ. ವೋಲ್ಟೇಜ್ ಇಳಿದಾಗ ಮೋಟರ್ ನಿಧಾನವಾಗಿ 48 ಜಾರುತ್ತದೆ, 100 ಅಷ್ಟಾಗಿ ಕದಲುವುದಿಲ್ಲ. ಅಳೆಯಲು ಫೋನಿನ ಆ್ಯಪ್ ನೆಚ್ಚಬೇಡಿ: ಹಲವು ಫೋನುಗಳಲ್ಲಿ ಸೆಕೆಂಡಿಗೆ 200 ಸ್ಯಾಂಪಲ್ ಮಾತ್ರ ಸಿಗುತ್ತದೆ, ಅದರ ಅರ್ಧದಷ್ಟು ಫ್ರೀಕ್ವೆನ್ಸಿವರೆಗೆ ಮಾತ್ರ ಅಳೆಯಬಹುದು, 100 ಹರ್ಟ್ಸ್ ಅಂಚಿಗೇ ಬೀಳುತ್ತದೆ.

ಬೇಕಾದ್ದು: 25 ಮಿ.ಮೀ. ಅಗಲ, 0.5 ಮಿ.ಮೀ. ದಪ್ಪದ ಸ್ಟೀಲ್ ಸ್ಕೇಲಿನ ತುಂಡು; ಬಜರ್‌ನ 27 ಮಿ.ಮೀ. ಪೀಜೋ ಡಿಸ್ಕ್, ಎಲ್‌ಟಿಸಿ3588-1 ಚಿಪ್ (ಡಿಸ್ಕ್ ಕೊಡುವ ಎಸಿಯನ್ನು ಡಿಸಿ ಮಾಡಿ, ಕೆಪ್ಯಾಸಿಟರಿನಲ್ಲಿ ಕೂಡಿಟ್ಟು, ಸ್ಥಿರ ವೋಲ್ಟೇಜ್ ಆಗಿ ಕೊಡುವ ಚಿಪ್) ಇರುವ ರೆಡಿ ಬೋರ್ಡ್, 220 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಕಡಿಮೆ ಲೀಕೇಜ್ ಕೆಪ್ಯಾಸಿಟರ್, ಸ್ಕೇಲಿನ ಒಂದು ತುದಿಯನ್ನು ನಡುವೆ ಬಿಗಿಯುವ ಹಿಡಿತಕ್ಕೆ 5 ಮಿ.ಮೀ. ದಪ್ಪದ ಎರಡು ಲೋಹದ ಪಟ್ಟಿ, ಎರಡು ಎಂ4 ಬೋಲ್ಟ್.

ಡಿಸ್ಕ್‌ನ ಬೆಳ್ಳಿ ಮುಖಕ್ಕೆ ತಂತಿ ಬೆಸೆಯುವಾಗ ಸೋಲ್ಡರಿಂಗ್ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಲೇಪ ಏಳುತ್ತದೆ. ಸ್ಕೇಲ್ ಬಾಗುವಾಗ ಹೆಚ್ಚು ಎಳೆತ ಬೀಳುವುದು ಹಿಡಿತದ ಬುಡದಲ್ಲಿ, ಡಿಸ್ಕ್ ಅಲ್ಲೇ ಕೂರಬೇಕು. ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ 24 ಗಂಟೆ ಬಿಡಿ. ಡಬಲ್ ಟೇಪ್, ಸಿಲಿಕೋನ್ ಬೇಡವೇ ಬೇಡ. ಬಾಗುವಿಕೆಯನ್ನು ಅವೇ ನುಂಗಿಬಿಡುತ್ತವೆ.

ಹಿಡಿತದಿಂದಾಚೆ 50 ಮಿ.ಮೀ. ಬಿಟ್ಟರೆ, ಲೆಕ್ಕದ ಪ್ರಕಾರ ತುದಿಗೆ ಸುಮಾರು 2 ಗ್ರಾಂ ತೂಕ ಬೇಕು. ಆದರೆ ಡಿಸ್ಕ್ ಅಂಟಿದ ಪಟ್ಟಿ ಇನ್ನೂ ಬಿಗಿಯಾಗುವುದರಿಂದ 4 ಗ್ರಾಂನಿಂದ ಶುರುಮಾಡಿ. ಉದ್ದ 1 ಮಿ.ಮೀ. ಬದಲಾದರೆ ಸುಮಾರು 3 ಹರ್ಟ್ಸ್ ಸರಿಯುತ್ತದೆ, ಹಾಗಾಗಿ ಸಣ್ಣ ತಿದ್ದುಪಡಿಗೆ ಉದ್ದಕ್ಕಿಂತ ತೂಕವೇ ಹದ.

ಟ್ಯೂನ್ ಮಾಡುವಾಗ ಬರಿಯ ಮಲ್ಟಿಮೀಟರಿನ ವೋಲ್ಟೇಜ್ ನೋಡಿ ಹಿಗ್ಗಬೇಡಿ, 10 ಮೆಗಾಓಮ್ ಮೀಟರಿಗೆ 20 ವೋಲ್ಟ್ ತೋರಿಸುವುದು ದೊಡ್ಡದೇನಲ್ಲ. 20 ನ್ಯಾನೋಫ್ಯಾರಡ್ ಡಿಸ್ಕ್‌ಗೆ 100 ಹರ್ಟ್ಸ್‌ನಲ್ಲಿ ಹೊಂದುವ ಲೋಡ್ 80 ಕಿಲೋಓಮ್. 82 ಕಿಲೋಓಮ್ ರೆಸಿಸ್ಟರ್ ಹಾಕಿ ಅದರ ಮೇಲಿನ ಎಸಿ ವೋಲ್ಟೇಜ್ ಅಳೆಯಿರಿ. 2 ವೋಲ್ಟ್ ಬಂದರೆ ಸುಮಾರು 49 ಮೈಕ್ರೋವ್ಯಾಟ್.

ಮೋಟರ್ ಆಫ್ ಮಾಡಿ, ಹಿಡಿತವನ್ನು ಪಾದದ ಬೋಲ್ಟಿಗೆ ಬಿಗಿಯಿರಿ. ಅಲ್ಯೂಮಿನಿಯಂ ಬಾಡಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಡಿಸ್ಕ್‌ನ ಎರಡೂ ತಂತಿಗಳನ್ನು ಚಿಪ್‌ನ ಪಿಜೆಡ್1, ಪಿಜೆಡ್2ಗೆ ಕೊಡಿ. ಕೆಪ್ಯಾಸಿಟರ್ ವಿಐಎನ್‌ಗೆ. 3.3 ವೋಲ್ಟಿಗೆ ಡಿ1 ಅನ್ನು ವಿಐಎನ್2ಗೆ, ಡಿ0 ಅನ್ನು ಗ್ರೌಂಡಿಗೆ ಸೇರಿಸಿ. ಡಿಸ್ಕ್‌ನ ಹಿತ್ತಾಳೆ ಬದಿ ಸ್ಕೇಲಿನ ಮೂಲಕ ಮೋಟರ್ ಬಾಡಿಗೆ ತಾಗಿರಬಹುದು. ಬೋರ್ಡಿನ ಗ್ರೌಂಡ್ ಕೂಡ ಅಲ್ಲಿಗೇ ತಾಗಿದರೆ ಚಿಪ್ಪಿನೊಳಗೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ಒಂದು ಡಯೋಡ್ ಶಾರ್ಟ್ ಆಗುತ್ತದೆ. ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ.

ಕೆಪ್ಯಾಸಿಟರ್ ಸುಮಾರು 5.05 ವೋಲ್ಟ್ ಮುಟ್ಟುವವರೆಗೆ ಚಿಪ್ ಏನೂ ಕೊಡದು, 3.67ಕ್ಕೆ ಇಳಿದರೆ ಮತ್ತೆ ನಿಲ್ಲಿಸುತ್ತದೆ. ನಡುವೆ ಸಿಗುವುದು 1.3 ಮಿಲಿಜೂಲ್. 50 ಮೈಕ್ರೋವ್ಯಾಟ್ ಒಳಬಂದರೆ ಮೊದಲ ಭರ್ತಿಗೆ ಒಂದು ನಿಮಿಷದ ಹತ್ತಿರ, ಆಮೇಲಿನವಕ್ಕೆ ಅರ್ಧ ನಿಮಿಷದ ಹತ್ತಿರ. ವೋಲ್ಟೇಜ್ ಸಿದ್ಧವೆಂದು ಚಿಪ್ ಕೊಡುವ ಪಿಗುಡ್ ಸಂಕೇತ ಬಂದ ಮೇಲೇ ಬೀಕನ್ ಏಳಲಿ, ಒಂದೆರಡು ಪ್ಯಾಕೆಟ್ ಕಳಿಸಿ ಮಲಗಲಿ. ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊಗೆ ಒಂದು ಸಂದೇಶಕ್ಕೇ ಹಲವು ಮಿಲಿಜೂಲ್ ಬೇಕು: ಕೆಪ್ಯಾಸಿಟರ್ 2,200 ಮೈಕ್ರೋಫ್ಯಾರಡ್, ಕಾಯುವ ಹೊತ್ತೂ ಹತ್ತುಪಟ್ಟು.

ವೋಲ್ಟೇಜ್ 3–4ಕ್ಕೇರಿ ಅಲ್ಲೇ ನಿಂತರೆ ಕೆಪ್ಯಾಸಿಟರಿನ ಲೀಕೇಜ್ ಅಥವಾ ಡಿಸ್ಕ್ ಮೇಲಿನ ತೇವ ನೋಡಿ. ವಾರ್ನಿಷ್ ಹಚ್ಚಿದರೆ ತೇವ ತಡೆಯುತ್ತದೆ. ಮೊದಲು ಚೆನ್ನಾಗಿದ್ದು ಆಮೇಲೆ ಏಕಾಏಕಿ ಅರ್ಧಕ್ಕಿಳಿದರೆ ಸೆರಾಮಿಕ್ ಬಿರುಕು ಬಿಟ್ಟಿರುತ್ತದೆ: ತುದಿಯ ಮೇಲೆ, ಕೆಳಗೆ 2 ಮಿ.ಮೀ. ಬಿಟ್ಟು ರಬ್ಬರ್ ತಡೆ ಕೊಡಿ.