ರೊಟ್ಟಿ ಕಡಿಮೆ ಮಾಡಿದವರಿಗೆ ಮೀನಿನ ಪ್ಯಾಟಿ: ಫ್ರೀಜರಿನಿಂದ ನೇರ ಹಂಚಿಗೆ

ಸಕ್ಕರೆ ಕಾಯಿಲೆ ಇರಲಿ, ತೂಕ ಇಳಿಸೋದಿರಲಿ, ಕಾರ್ಬ್ (ಅಂದರೆ ಕಾರ್ಬೋಹೈಡ್ರೇಟ್, ಪಿಷ್ಟ-ಸಕ್ಕರೆ ಅಂಶ) ಕಡಿಮೆ ಮಾಡಿ ಅಂದ ಕೂಡಲೇ ನಮ್ಮ ಬೆಳಗಾವಿ ಕಡೆಯವರು ಕೇಳೋದು ಒಂದೇ: ರೊಟ್ಟಿ ಬಿಟ್ಟು ಏನು ತಿನ್ನೋದು? ಜೋಳ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೇ ಇರುತ್ತದೆ. ಮೀನಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ರಜೆ ದಿನ ಒಮ್ಮೆ ಕೂತು ಮೀನಿನ ಪ್ಯಾಟಿ (ಕಟ್ಲೆಟ್‌ನಂಥ ಚಪ್ಪಟೆ ಬಿಲ್ಲೆ) ಮಾಡಿ ಫ್ರೀಜರಿಗೆ ಹಾಕಿಟ್ಟರೆ ವಾರದ ನಡುವೆ ರಾತ್ರಿ ಊಟಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು.

ಅಂಗಡಿಯ ಫ್ರೋಜನ್ ಪ್ಯಾಟಿ ಸಾಲದಾ ಅಂದರೆ, ಮೊದಲು ಪ್ಯಾಕೆಟ್ ತಿರುಗಿಸಿ ಓದಿ. ಯಾವುದು ಜಾಸ್ತಿ ಹಾಕಿದ್ದಾರೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಮೀನಿನ ಹಿಂದೆಯೇ ಮೈದಾ, ಬ್ರೆಡ್ ಪುಡಿ, ಆಲೂಗಡ್ಡೆ ಸಾಲಾಗಿ ನಿಂತಿದ್ದರೆ ಅದು ನಿಮಗಲ್ಲ. 100 ಗ್ರಾಂಗೆ ಕಾರ್ಬ್ 5 ಗ್ರಾಂ ಒಳಗಿದ್ದರೆ ತಗೊಳ್ಳಿ. ಬಹಳಷ್ಟರಲ್ಲಿ ಇರೋದಿಲ್ಲ, ಅದಕ್ಕೇ ಮನೆಯಲ್ಲಿ ಮಾಡೋದು.

ಬೆಳಗಾವಿಯಲ್ಲಿ ಸಮುದ್ರದ ಮೀನಿಗೆ ಬರವಿಲ್ಲ. ಗೋವಾ, ಮಾಲವಣ, ಕಾರವಾರದ ಕಡೆಯಿಂದ ಘಾಟ್ ಹತ್ತಿ ಬರುತ್ತದೆ. ಪ್ಯಾಟಿಗೆ ಸುರಮಾಯಿ ಹಾಕೋದು ದುಡ್ಡು ದಂಡ, ಬಂಗಡೆ ಸಾಕು. ಆದರೆ ಬಂಗಡೆ ಬಿಸಿಲಲ್ಲಿ ಕೂತರೆ ಅದರಲ್ಲಿ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಬೆಳೆಯುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗೋದಿಲ್ಲ. ಹಾಗಾಗಿ ಐಸ್ ಒಳಗೆ ಮುಚ್ಚಿಟ್ಟಿದ್ದನ್ನೇ ಆರಿಸಿ, ಸೀದಾ ಮನೆಗೆ ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯೋದಿಲ್ಲ. ಆ ಎರಡು ತಿಂಗಳು ಹೊಳೆ ಮೀನೇ ಮೇಲು. ಬಾಗಲಕೋಟೆ, ವಿಜಯಪುರದವರಿಗಂತೂ ರೋಹು, ಕಾಟ್ಲಾ ಕೈಗೆ ಹತ್ತಿರ. ಅವುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳು ಇರುತ್ತವೆ. ದೊಡ್ಡ ಮೀನು ತಗೊಂಡರೆ ಮುಳ್ಳೂ ದೊಡ್ಡದಿದ್ದು ಬೆರಳಿಗೆ ಸಿಗುತ್ತದೆ.

ಒಂದು ಕಿಲೋ ಇಡೀ ಬಂಗಡೆ ತಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಮಾಂಸ ಬರುತ್ತದೆ. ತೊಳೆದು, ಅರಿಶಿನ, ಉಪ್ಪು, ನಿಂಬೆರಸ ಸವರಿ ಏಳೆಂಟು ನಿಮಿಷ ಹಬೆಯಲ್ಲಿ ಬೇಯಿಸಿ. ನೀರಲ್ಲಿ ಕುದಿಸಬೇಡಿ, ಆಮೇಲೆ ಹಿಂಡಿ ಹಿಂಡಿ ಸಾಕಾಗುತ್ತದೆ. ಆರಿದ ಮೇಲೆ ಬೆನ್ನಿನ ಉದ್ದಕ್ಕೂ ಹೆಬ್ಬೆರಳಿಂದ ಒತ್ತಿದರೆ ಮಾಂಸ ಎರಡು ಹೋಳಾಗಿ ಬಿಡುತ್ತದೆ, ನಡುವಿನ ಮುಳ್ಳು ಬಾಲದ ಸಮೇತ ಮೇಲೆದ್ದು ಬರುತ್ತದೆ. ಪಕ್ಕದ ಸಾಲಿನ ಸಣ್ಣ ಮುಳ್ಳನ್ನು ಮಾತ್ರ ಬೆಳಕಿಗೆ ಕೂತು ಬೆರಳಲ್ಲೇ ಹುಡುಕಬೇಕು. ಮಿಕ್ಸಿಗೆ ಹಾಕಿಬಿಡೋಣ ಅಂತ ಅನಿಸುತ್ತದೆ, ಅಲ್ವಾ? ಹಾಕಬೇಡಿ. ಮುಳ್ಳು ಪುಡಿಯಾಗಿ ಒಳಗೇ ಉಳಿಯುತ್ತದೆ, ಮೀನೂ ಅಂಟಂಟು ಮುದ್ದೆಯಾಗುತ್ತದೆ.

ಈಗ ಮುಖ್ಯ ವಿಷಯ, ಅಂಟು. ಪ್ಯಾಟಿಯಲ್ಲಿ ಕಾರ್ಬ್ ನುಸುಳೋದೇ ಇಲ್ಲಿ. ಬ್ರೆಡ್ ಬೇಡ ಅಂದವರು ಕಡಲೆ ಹಿಟ್ಟು ಸುರಿಯುತ್ತಾರೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಕಾರ್ಬೇ. ನಮ್ಮ ಅಡುಗೆಮನೆಯಲ್ಲಿ ಅಗಸಿ (ಅಗಸೆ ಬೀಜ) ಇರುವಾಗ ಅದೆಲ್ಲ ಯಾಕೆ? ಅಗಸಿಯ ಕಾರ್ಬ್ ಬಹುಪಾಲು ನಾರು, ಪುಡಿ ನೀರು ಕುಡಿದರೆ ಲೋಳೆಯಾಗಿ ಹಿಡಿದುಕೊಳ್ಳುತ್ತದೆ. ಅರ್ಧ ಕಿಲೋ ಮಾಂಸಕ್ಕೆ ಮೂರು ದೊಡ್ಡ ಚಮಚ ಅಗಸಿ ಪುಡಿ, ಒಂದು ಮೊಟ್ಟೆ, ಸಣ್ಣಗೆ ಹೆಚ್ಚಿ ಹಿಂಡಿದ ಒಂದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶುಂಠಿ, ಬಳ್ಳೊಳ್ಳಿ, ಕೊತ್ತಂಬರಿ, ಕರಿಮೆಣಸು, ಉಪ್ಪು. ಕಲಸಿ ಕಾಲು ತಾಸು ಬಿಡಿ. ಆಮೇಲೆ ಅಂಗೈಗೆ ಎಣ್ಣೆ ಸವರಿ ಒಂದು ಬೆರಳು ದಪ್ಪಕ್ಕೆ ತಟ್ಟಿ. ಎಂಟೊಂಬತ್ತು ಪ್ಯಾಟಿ ಆಗುತ್ತವೆ, ಒಂದೊಂದರಲ್ಲಿ ಕಾರ್ಬ್ 2 ಗ್ರಾಂ ಆಸುಪಾಸು.

ಒಂದಕ್ಕೊಂದು ತಾಕದಂತೆ ತಟ್ಟೆಯಲ್ಲಿಟ್ಟು ಮೂರ್ನಾಲ್ಕು ತಾಸು ಫ್ರೀಜ್ ಮಾಡಿ, ಕಲ್ಲಾದ ಮೇಲೆ ನಡುವೆ ಬಟರ್ ಪೇಪರ್ ಇಟ್ಟು ಗಾಳಿ ತೆಗೆದ ಚೀಲಕ್ಕೆ ಹಾಕಿ, ಮೇಲೆ ತಾರೀಕು ಬರೆಯಿರಿ. ಬಂಗಡೆ ಎಣ್ಣೆ ಮೀನು, ಮೈನಸ್ 18 ಡಿಗ್ರಿಯಲ್ಲಿ ಎರಡು ತಿಂಗಳು ಇಡಬಹುದು. ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗೋದಿಲ್ಲ, ಅಲ್ಲಿ ಇಡೋದಾದರೆ ಒಂದು ವಾರದೊಳಗೆ ಮುಗಿಸಿ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಸುಮ್ನೆ ಬಾಗಿಲು ತೆಗೆದು ನೋಡಬೇಡಿ, ತುಂಬಿದ ಫ್ರೀಜರ್ ಮುಚ್ಚಿದ್ದರೆ ಎರಡು ದಿನದವರೆಗೂ ತಡೆಯುತ್ತದೆ. ಕರಗಿ ಮೆತ್ತಗಾಗಿದ್ದನ್ನು ಮತ್ತೆ ಗಟ್ಟಿ ಮಾಡಿ ಇಡಬೇಡಿ.

ಹುರಿಯೋವಾಗ ಕರಗಿಸೋ ಅಗತ್ಯವಿಲ್ಲ, ಕರಗಿಸಿದರೇ ಒಡೆಯುತ್ತದೆ. ಹಂಚಿಗೆ ಎರಡು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿ ಐದಾರು ನಿಮಿಷ ಇಡಿ. ಕೆಳಗೆ ಕೆಂಪಗಾಗಿ ತಾನಾಗಿ ಬಿಡುವ ತನಕ ಚಮಚ ತಾಗಿಸಬೇಡಿ. ತಿರುವಿ ಹಾಕಿ ಮುಚ್ಚದೆ ಇನ್ನೈದು ನಿಮಿಷ. ಒಳಗೆ ಹಸಿ ಮೊಟ್ಟೆ ಇದೆ, ಹಾಗಾಗಿ ಒಂದನ್ನು ಮುರಿದು ನಡುಭಾಗ ಬಿಸಿಯಾಗಿ ಹೊಗೆಯಾಡುತ್ತಿದೆಯಾ ನೋಡಿ.

ಸಾಸ್ ಅಂದರೆ ಕೆಚಪ್ ಅಂದುಕೊಂಡರೆ ಮಾಡಿದ್ದೆಲ್ಲ ನೀರುಪಾಲು. ಅದರ 100 ಗ್ರಾಂನಲ್ಲಿ ಕಾಲು ಭಾಗದಷ್ಟು ಕಾರ್ಬ್, ಹೆಚ್ಚಿನದು ಸಕ್ಕರೆ. ಎಗ್‌ಲೆಸ್ ಮಯೋನೀಸ್‌ನಲ್ಲೂ ಸ್ಟಾರ್ಚ್, ಸಕ್ಕರೆ ಸೇರಿಸಿರುತ್ತಾರೆ. ನನ್ನ ಮೆಚ್ಚಿನದು ಅಗಸಿ ಚಟ್ನಿಪುಡಿ: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೂರು ಚಮಚ ಮೊಸರಿಗೆ ಒಂದು ಚಮಚ ಪುಡಿ ಹಾಕಿ ಐದು ನಿಮಿಷ ಬಿಟ್ಟರೆ ತಾನೇ ದಪ್ಪಗಾಗುತ್ತದೆ. ಪುಡಿಗೆ ಬೆಲ್ಲ ಹಾಕಿರಬಾರದು ಅಷ್ಟೇ. ಗುರೆಳ್ಳು ಪುಡಿಯೂ ನಡೆಯುತ್ತದೆ. ಖಾರ ಬೇಕಾದವರು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಕೊತ್ತಂಬರಿ, ಒಂದು ಹಿಡಿ ಹುರಿದ ಶೇಂಗಾ ಕುಟ್ಟಿ ನಿಂಬೆರಸ ಹಿಂಡಿ. ಇದನ್ನು ಮಿಕ್ಸಿಗಿಂತ ಕಲ್ಲಲ್ಲಿ ಕುಟ್ಟಿದರೆ ರುಚಿಯೇ ಬೇರೆ. ಹುಳಿ ಇಷ್ಟವಿದ್ದರೆ ಕೋಕಮ್ ನೆನೆಸಿದ ನೀರಿಗೆ ಗಟ್ಟಿ ತೆಂಗಿನಹಾಲು, ಉಪ್ಪು ಸೇರಿಸಿ ಪ್ಯಾಟಿ ಮೇಲೆ ಸುರಿದುಕೊಳ್ಳಿ.

ಪಕ್ಕದಲ್ಲಿ ಸೌತೆಕಾಯಿ, ಮೂಲಂಗಿ, ಸಿಕ್ಕರೆ ಹಕ್ಕರಕಿ ಸೊಪ್ಪು. ಎರಡು ಪ್ಯಾಟಿಗೆ ಹೊಟ್ಟೆ ತುಂಬುತ್ತದೆ. ರೊಟ್ಟಿ ಇಲ್ಲದೆ ಊಟವೇ ಆಗಲಿಲ್ಲ ಅನ್ನುವವರು ಅರ್ಧ ಮುರಿದುಕೊಳ್ಳಿ, ಯಾರೂ ಬೈಯೋದಿಲ್ಲ. ಆದರೆ ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ಏಕಾಏಕಿ ಕಾರ್ಬ್ ಇಳಿಸಿದರೆ ಸಕ್ಕರೆ ಪ್ರಮಾಣ ಕುಸಿಯಬಹುದು. ನೀವು ಆ ಪೈಕಿಯಾದರೆ ಮೊದಲು ಡಾಕ್ಟರಿಗೆ ಹೇಳಿ, ಡೋಸ್ ಬದಲಿಸಬೇಕಾ ಅಂತ ಕೇಳಿಕೊಂಡೇ ಶುರುಮಾಡಿ.