ಹಾರ್ನಿಮನ್ ಸರ್ಕಲ್ ನೋಡುವುದು ಹೇಗೆ?

ಊರಿಂದ ಬರುವ ನೆಂಟರಿಗೆ ಮುಂಬೈ ಅಂದ್ರೆ ಗೇಟ್‌ವೇ, ಆಮೇಲೆ ಚೌಪಾಟಿ. ಹಳೇ ಕೋಟೆಯಿದ್ದ ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದವನು ನಾನು. ಅವರನ್ನು ಮೊದಲು ಅಲ್ಲಿಯ ಹಾರ್ನಿಮನ್ ಸರ್ಕಲ್‌ಗೆ ಕರೆದುಕೊಂಡು ಹೋಗುತ್ತೇನೆ. "ಇದೇನು, ಸುಮ್ನೆ ಒಂದು ಪಾರ್ಕ್ ಅಲ್ವಾ?" ಅಂತ ಮುಖ ನೋಡುತ್ತಾರೆ. ಎಲ್ಲಿ ನಿಂತು ನೋಡಬೇಕು ಅಂತ ಗೊತ್ತಿದ್ದರೆ ಹಾಗೆ ಅನ್ನಿಸುವುದಿಲ್ಲ.

ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ನಡೆದೇ ಬನ್ನಿ. ಭಾನುವಾರ ಬಂದರೆ ಕಟ್ಟಡಗಳನ್ನು ಆರಾಮಾಗಿ ನೋಡಬಹುದು, ಆಫೀಸಿನ ಜನ ಇರುವುದಿಲ್ಲ. ಆದರೆ ನನ್ನ ಕೇಳಿದರೆ ವಾರದ ದಿನವೇ ಸರಿ. ಇದು ವ್ಯಾಪಾರದ ಜಾಗ, ಗಡಿಬಿಡಿ ಇಲ್ಲದೆ ಅರ್ಥವಾಗುವುದಿಲ್ಲ.

ಪಾರ್ಕಿನ ಒಳಗೆ ಈಗಲೇ ಹೋಗಬೇಡಿ. ಮೊದಲು ಅದರ ಎದುರಿನ ಟೌನ್ ಹಾಲ್ ಮೆಟ್ಟಿಲು ಹತ್ತಿ. 1833ರಲ್ಲಿ ಮುಗಿದ ಕಟ್ಟಡ ಇದು, ಏಷಿಯಾಟಿಕ್ ಸೊಸೈಟಿಯ ಲೈಬ್ರರಿ ಇಲ್ಲೇ ಇದೆ. ಕಂಬಗಳಿಗೆ ಬೆನ್ನು ಹಾಕಿ ನಿಂತುಕೊಳ್ಳಿ. ಈಗ ನಿಮ್ಮ ಹಿಂದೆ ಟಂಕಸಾಲೆ, ಅದರಾಚೆ ಬಂದರು. ಎದುರಿಗೆ ಕಾಣುವ ಮರಗಳನ್ನೂ ದುಂಡನೆಯ ಬೀದಿಯನ್ನೂ ಮನಸ್ಸಿನಲ್ಲೇ ಅಳಿಸಿಹಾಕಿ. ಉಳಿಯುವುದು ಕೋಟೆಯೊಳಗಿನ ಒಂದು ದೊಡ್ಡ ಬಯಲು. ಅದಕ್ಕೆ ಬಾಂಬೆ ಗ್ರೀನ್ ಅಂತಿದ್ದರು. ಹಡಗಿಗೆ ಹೋಗಬೇಕಾದ ಹತ್ತಿ ಅಂಡಿಗೆಗಳು ಇಲ್ಲೇ ರಾಶಿ ಬೀಳುತ್ತಿದ್ದವು. 1844ರಲ್ಲಿ ಹತ್ತಿ ವ್ಯಾಪಾರವನ್ನು ಕೊಲಾಬಾಕ್ಕೆ ಸಾಗಿಸಿದರು.

ಸರಕು ಹೋಯಿತು, ದಲ್ಲಾಳಿಗಳು ಹೋಗಲಿಲ್ಲ. ಇಲ್ಲಿ ನೋಡಬೇಕಾದ್ದೇ ಅದು. 1850ರ ದಶಕದಲ್ಲಿ ಷೇರು ದಲ್ಲಾಳಿಗಳು ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ ಸೇರುತ್ತಿದ್ದರು. ಕಟ್ಟಡವಿಲ್ಲ, ಬೋರ್ಡಿಲ್ಲ, ಬಾಯಿಮಾತಿನ ವ್ಯವಹಾರ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಅದರ ಬದಲು ಇಲ್ಲಿಯ ಹತ್ತಿಗೆ ಬೇಡಿಕೆ ಬಂದು ಮುಂಬೈಗೆ ಹಣದ ಹೊಳೆಯೇ ಹರಿಯಿತು. ಅದರಲ್ಲಿ ನಮ್ಮ ಪಾಲೂ ಇದೆ, ಮರೆಯಬೇಡಿ. ಧಾರವಾಡ ಸೀಮೆಯ ಹತ್ತಿ ಗಾಡಿಯ ಮೇಲೆ ಘಟ್ಟ ಇಳಿದು, ಕುಮಟಾ ಬಂದರಿನಿಂದ ಇಲ್ಲಿಗೆ ಬರುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು.

1865ರಲ್ಲಿ ಯುದ್ಧ ಮುಗಿಯಿತು, ಷೇರು ಪೇಟೆ ಬಿತ್ತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳಿಯಿತು. ಬ್ಯಾಂಕಿನವನಾದ ನನಗೆ ಈ ಲೆಕ್ಕ ಹೇಳುವಾಗ ಈಗಲೂ ಹೊಟ್ಟೆ ಕಲಸುತ್ತದೆ. ದಲ್ಲಾಳಿಗಳು ಮರದಿಂದ ಮರಕ್ಕೆ ಜಾಗ ಬದಲಿಸುತ್ತಾ ಕೊನೆಗೆ ದಲಾಲ್ ಸ್ಟ್ರೀಟ್ ಸೇರಿದರು. 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಬಿಎಸ್‌ಇ, ಅಂದರೆ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್.

ಈಗ ಮೆಟ್ಟಿಲು ಇಳಿಯಿರಿ. ದುಂಡನೆಯ ಬೀದಿಯ ಕಟ್ಟಡಗಳ ಕೆಳಗಿನ ಕಮಾನು ಜಗಲಿಯಲ್ಲಿ ಒಂದು ಸುತ್ತು ಹಾಕಿ. ಮಳೆಗಾಲದಲ್ಲಿ ಕೊಡೆ ಮಡಿಚಿಕೊಂಡೇ ನಡೆಯಬಹುದು. ಬಿಸಿಲಿಗೂ ಸೈ. ಕಮಾನಿನಿಂದ ಕಮಾನಿಗೆ ನಡೆಯುತ್ತಿದ್ದರೆ ಒಂದೇ ಕೈ ಕಟ್ಟಿದ್ದು ಅಂತ ತಾನಾಗಿ ಗೊತ್ತಾಗುತ್ತದೆ. ಹತ್ತಿ ವ್ಯಾಪಾರ ಹೋದ ಮೇಲೆ ಬಯಲು ತೆಂಗಿನ ಚಿಪ್ಪು, ಕಸ ಸುರಿಯುವ ತಿಪ್ಪೆಯಾಗಿತ್ತು. ಇಲ್ಲೊಂದು ವೃತ್ತ ಮಾಡೋಣ ಅಂತ ತಲೆ ಓಡಿಸಿದವನು ಪೊಲೀಸ್ ಕಮಿಷನರ್ ಚಾರ್ಲ್ಸ್ ಫೋರ್ಜೆಟ್. ಪೊಲೀಸಿನವನಿಗೆ ಊರು ಕಟ್ಟುವ ಹುಚ್ಚು! ಸೈಟುಗಳನ್ನು ಇಂಗ್ಲಿಷ್ ಕಂಪನಿಗಳಿಗೆ ಮಾರಿದರು. 1872ರ ಹೊತ್ತಿಗೆ ತೋಟವೂ ಮುಗಿದು ಎಲ್ಫಿನ್‌ಸ್ಟನ್ ಸರ್ಕಲ್ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ಗವರ್ನರ್ ಎಲ್ಫಿನ್‌ಸ್ಟನ್‌ನ ಹೆಸರು ಹೋಗಿ, 'ಬಾಂಬೆ ಕ್ರಾನಿಕಲ್' ಸಂಪಾದಕ ಬಿ. ಜಿ. ಹಾರ್ನಿಮನ್ ಹೆಸರು ಬಂತು. 1919ರಲ್ಲಿ ಬ್ರಿಟಿಷರೇ ಗಡೀಪಾರು ಮಾಡಿದ್ದ ಬ್ರಿಟಿಷ್ ಪತ್ರಕರ್ತ ಆತ.

ಸುತ್ತು ಹಾಕುವಾಗ ಕೆಂಪು ಕಟ್ಟಡವೊಂದು ಸಿಗುತ್ತದೆ. 1822ರಲ್ಲಿ ಶುರುವಾದ ಗುಜರಾತಿ ಪತ್ರಿಕೆ 'ಮುಂಬೈ ಸಮಾಚಾರ್' ಅಲ್ಲಿಂದ ಬರುತ್ತದೆ. ಪಶ್ಚಿಮಕ್ಕೆ ಸೇಂಟ್ ಥಾಮಸ್ ಕೆಥೆಡ್ರಲ್, 1718ರದ್ದು. ಚರ್ಚ್‌ಗೇಟ್ ಅನ್ನುವ ಸ್ಟೇಷನ್ನಿನ ಹೆಸರಿನಲ್ಲಿರುವ ಚರ್ಚು ಇದೇ. ಗೇಟು ಕೋಟೆಯದು. 1860ರ ದಶಕದಲ್ಲಿ ಗೋಡೆ ಒಡೆದಾಗ ಅದೂ ಹೋಯಿತು.

ಹತ್ತಿ ಕೊನೆಗೆ ಎಲ್ಲಿಗೆ ಹೋಯಿತು ಅಂತ ನೋಡುವ ಆಸೆ ಇದ್ದರೆ ಸಿಎಸ್‌ಎಂಟಿಗೆ ವಾಪಸ್ ನಡೆದು ಹಾರ್ಬರ್ ಲೈನ್ ಲೋಕಲ್ ಹಿಡಿಯಿರಿ. ಡಾಕ್‌ಯಾರ್ಡ್ ರೋಡ್, ರೇ ರೋಡ್ ದಾಟಿದ ಮೇಲೆ ಬರುವ ಸ್ಟೇಷನ್ನಿನ ಹೆಸರೇ ಕಾಟನ್ ಗ್ರೀನ್. ಕೊಲಾಬಾದಿಂದ ಎದ್ದ ಪೇಟೆ ಅಲ್ಲಿಗೆ ಬಂತು. ಸಂಜೆ ಐದರ ಮೇಲೆ ಮಾತ್ರ ಹೊರಡಬೇಡಿ, ಆ ಹೊತ್ತಿನ ಲೋಕಲ್‌ನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.